ಪಂದ್ಯಕ್ಕೆ ಮುನ್ನ ಮನಸ್ಸು ತುಂಬಿ ಬಂದರೆ ಆಟ ಏನಾಗುತ್ತದೆ?

ಅಂತರಘಟ್ಟೆಯ ದುರ್ಗಾಂಬಾ ದೇವಿಯ ಜಾತ್ರೆಗೆ ತರೀಕೆರೆ, ಕಡೂರು, ಭದ್ರಾವತಿ ಕಡೆಯ ಊರುಗಳಿಂದ ರೈತರು ಎತ್ತಿನ ಗಾಡಿ ಹೂಡಿಕೊಂಡು ಬರುವ ದೃಶ್ಯವನ್ನು ನಮ್ಮ ಓದುಗರಲ್ಲಿ ಬಹುಮಂದಿ ಕಂಡವರೇ ಆಗಿದ್ದಾರೆ. ಗಾಡಿ ಹೊರಡುವ ಮುನ್ನ ಎತ್ತುಗಳಿಗೆ ಪೂಜೆ, ಕೊಂಬಿಗೆ ಹೂವು, ಮನೆಮಂದಿಯ ಆರತಿ. ಹಗ್ಗ ಹಿಡಿದ ಯುವಕನ ಎದೆ ಉಬ್ಬಿರುತ್ತದೆ. ನನಗೆ ಪರಿಚಿತರಾದ ಹಿರಿಯ ರೈತರೊಬ್ಬರು ಆರತಿ ಮುಗಿದೊಡನೆ ಎತ್ತುಗಳನ್ನು ಎಂದೂ ಓಟಕ್ಕೆ ಬಿಡುತ್ತಿರಲಿಲ್ಲ. ಊರ ಗಡಿ ದಾಟುವವರೆಗೆ ಹೆಜ್ಜೆನಡಿಗೆಯಲ್ಲಿಯೇ ನಡೆಸುತ್ತಿದ್ದರು. ಕಾರಣ ಕೇಳಿದರೆ, “ತಮಟೆ ಕಿವಿಯಿಂದ ಇಳಿಯಬೇಕಲ್ಲ ಸ್ವಾಮಿ” ಎನ್ನುತ್ತಿದ್ದರು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಿಂದಾಗಿ ನಾಡಿಗೆಲ್ಲ ಪರಿಚಿತವಾದ ಅಮೃತಮಹಲ್ ರಾಸುಗಳ ವೇಗವನ್ನೂ ಮುಂಗೋಪವನ್ನೂ ಬಲ್ಲವರಿಗೆ ಈ ಮಾತಿನ ತೂಕ ತಿಳಿಯದಿರದು.

ಕಳೆದ ಕೆಲವು ವರ್ಷಗಳಿಂದ ಹೋಬಳಿ ಮಟ್ಟದ ಪಂದ್ಯಾವಳಿಗಳಿಗೆ ದೇಣಿಗೆ ನೀಡುವ ಪ್ರಸಂಗ ಬಂದಾಗಲೆಲ್ಲ ಆ ಹಿರಿಯರ ಮಾತು ನನಗೆ ನೆನಪಾಗುತ್ತದೆ. ಉದ್ಘಾಟನೆ, ಸನ್ಮಾನ, ಅಗಲಿದ ಆಟಗಾರನಿಗೆ ಮೌನಾಚರಣೆ, ಆತನ ತಾಯಿಯನ್ನು ವೇದಿಕೆಗೆ ಕರೆಯುವುದು ಇತ್ಯಾದಿಗಳೆಲ್ಲ ಮುಗಿದ ಮರುಕ್ಷಣವೇ ಸೀಟಿ ಊದುತ್ತಾರೆ. ಇಂತಹ ಭಾವುಕ ಸಮಾರಂಭ ಆಟಗಾರನ ಆಟವನ್ನು ಹೆಚ್ಚಿಸುತ್ತದೆಯೋ, ಕುಗ್ಗಿಸುತ್ತದೆಯೋ? ಪ್ರಶ್ನೆ ಕ್ರೀಡೆಯದಾದರೂ ಹತ್ತು ಜನರನ್ನು ಇಟ್ಟುಕೊಂಡು ಕೆಲಸ ತೆಗೆಯುವ ಪ್ರತಿಯೊಬ್ಬ ಉದ್ಯಮಿಗೂ ಇದು ಸಂಬಂಧಿಸಿದ್ದೆಂದು ನನ್ನ ಭಾವನೆ. ಅದನ್ನು ಕೊನೆಯಲ್ಲಿ ನಿವೇದಿಸುತ್ತೇನೆ.

ಒಬ್ಬನೇ ಆಟಗಾರ, ಮೂರು ಸಂದರ್ಭಗಳು

ಇದನ್ನು ಪರಿಶೀಲಿಸಲು ನಾವು ವಿದೇಶಕ್ಕೆ ಹೋಗಬೇಕಾದ ಅಗತ್ಯವಿಲ್ಲ. 2013ರಿಂದ ಬೆಂಗಳೂರು ಎಫ್‌ಸಿ ತಂಡದ ಆಧಾರಸ್ತಂಭವಾಗಿರುವ, ಕಂಠೀರವ ಕ್ರೀಡಾಂಗಣದ ಪ್ರೇಕ್ಷಕರು ತಮ್ಮವನೆಂದೇ ಭಾವಿಸಿರುವ ಸುನಿಲ್ ಛೆಟ್ರಿಯವರ ಉದಾಹರಣೆಯೇ ಸಾಕು.

2018ರ ಜೂನ್ 1ರಂದು ಮುಂಬಯಿಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5–0 ಅಂತರದಿಂದ ಸೋಲಿಸಿತು. ಛೆಟ್ರಿ ಮೂರು ಗೋಲು ಹೊಡೆದರು. ನೋಡಲು ಬಂದವರು ಎರಡೂವರೆ ಸಾವಿರದಷ್ಟು ಮಂದಿ ಮಾತ್ರ. ಮರುದಿನ ಅವರು ದೃಶ್ಯ ಸಂದೇಶವೊಂದರಲ್ಲಿ, ಬೈಯುವುದಕ್ಕಾದರೂ ಸರಿ, ಕ್ರೀಡಾಂಗಣಕ್ಕೆ ಬನ್ನಿ ಎಂದು ದೇಶದ ಜನರನ್ನು ಕೈಮುಗಿದು ಬೇಡಿಕೊಂಡರು. ಜೂನ್ 4ರಂದು ಕೀನ್ಯಾ ವಿರುದ್ಧದ ಪಂದ್ಯ ಅವರ ನೂರನೆಯದು. ಟಿಕೆಟ್‌ಗಳೆಲ್ಲ ಮಾರಾಟವಾಗಿ, ಸುರಿವ ಮಳೆಯಲ್ಲಿಯೂ ಕ್ರೀಡಾಂಗಣ ತುಂಬಿತ್ತು. ಭಾರತ 3–0ಯಿಂದ ಗೆದ್ದಿತು, ಛೆಟ್ರಿ ಎರಡು ಗೋಲು ಹೊಡೆದರು. ಜನರ ಪ್ರೀತಿಯೇ ಗೆಲ್ಲಿಸಿತೆಂದು ಎಲ್ಲರೂ ಹೇಳಿದರು. ಆದರೆ ಆ ಪಂದ್ಯದ ಮೊದಲಾರ್ಧದಲ್ಲಿ ಒಂದು ಗೋಲೂ ಬಂದಿರಲಿಲ್ಲ. ಮೊದಲ ಗೋಲಿಗೆ 68ನೆಯ ನಿಮಿಷದವರೆಗೆ ಕಾಯಬೇಕಾಯಿತು ಎಂಬುದನ್ನು ಯಾರೂ ಗಮನಿಸಿದಂತೆ ಕಾಣಲಿಲ್ಲ. ಬರಿದಾದ ಆಸನಗಳ ಮುಂದೆ ಮೂರು ಗೋಲು, ತುಂಬಿದ ಆಸನಗಳ ಮುಂದೆ ಎರಡು.

ಎರಡನೆಯದು 2024ರ ಮಾರ್ಚ್ 26. ಗುವಾಹಟಿಯಲ್ಲಿ ಅವರ 150ನೆಯ ಪಂದ್ಯ. 38ನೆಯ ನಿಮಿಷದಲ್ಲಿ ಪೆನಾಲ್ಟಿಯನ್ನು ಗೋಲಾಗಿಸಿದವರು ಛೆಟ್ರಿಯವರೇ. ಆದರೂ ಭಾರತ ಅಫ್ಘಾನಿಸ್ತಾನದೆದುರು 1–2ರಿಂದ ಸೋತಿತು.

ಮೂರನೆಯದು ಬೀಳ್ಕೊಡುಗೆ. 2024ರ ಮೇ 16ರಂದು ನಿವೃತ್ತಿ ಘೋಷಿಸಿದ ಛೆಟ್ರಿ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧ ದೇಶಕ್ಕಾಗಿ ಕೊನೆಯ ಬಾರಿಗೆ ಆಡುವುದೆಂದು ನಿಗದಿಯಾಯಿತು. ಮೂರು ವಾರ ದೇಶಕ್ಕೆ ದೇಶವೇ ಆ ಒಂದು ಸಂಜೆಗಾಗಿ ಭಾವುಕವಾಗಿ ಕಾಯಿತು. ಐವತ್ತೆಂಟು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದರು. ವಿಶ್ವಕಪ್ ಅರ್ಹತಾ ಸುತ್ತಿನ ಆ ಪಂದ್ಯವನ್ನು ಗೆಲ್ಲುವುದು ಭಾರತಕ್ಕೆ ಬಹು ಮುಖ್ಯವಾಗಿತ್ತು. ಇದು ತನ್ನ ಕುರಿತಾದ ಪಂದ್ಯವಲ್ಲ, ದೇಶದ ಪಂದ್ಯ ಎಂಬ ಅರ್ಥದ ಮಾತನ್ನು ಸ್ವತಃ ಛೆಟ್ರಿ ಮೊದಲೇ ಆಡಿದ್ದರು. ಫಲಿತಾಂಶ 0–0. ಐದು ದಿನಗಳ ನಂತರ ದೋಹಾದಲ್ಲಿ ಕತಾರ್ ಎದುರು 1–2ರಿಂದ ಸೋತು ಭಾರತ ಹೊರಬಿದ್ದಿತು.

ಇದರಿಂದ ಬೀಳ್ಕೊಡುಗೆಯ ಭಾರವೇ ತಂಡದ ಕಾಲು ಕಟ್ಟಿತೆಂದು ತೀರ್ಪು ಕೊಡಬಹುದೇ? ಕೊಡಬಾರದು. ಅದೇ ವರ್ಷದ ಜನವರಿಯ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಎದುರಿನ ಮೂರೂ ಪಂದ್ಯಗಳಲ್ಲಿ ಭಾರತ ಒಂದು ಗೋಲನ್ನೂ ಹೊಡೆದಿರಲಿಲ್ಲ. ಅಂದು ಯಾವ ಕಣ್ಣೀರೂ ಇರಲಿಲ್ಲ. ವ್ಯಾಪಾರದಲ್ಲಿ ಮೊದಲೇ ನಷ್ಟದಲ್ಲಿದ್ದ ಅಂಗಡಿಯ ಲೆಕ್ಕವನ್ನು ಹಬ್ಬದ ಖರ್ಚಿನ ತಲೆಗೆ ಕಟ್ಟುವುದು ಸರಿಯಲ್ಲವಷ್ಟೆ. ಭಾವುಕತೆ ಇಲ್ಲದ ಶಕ್ತಿಯನ್ನು ತಂದುಕೊಡಲಿಲ್ಲ ಎಂದಷ್ಟೇ ಹೇಳಬಹುದು. ಅಂದ ಹಾಗೆ, ಛೆಟ್ರಿ 2025ರ ಮಾರ್ಚ್‌ನಲ್ಲಿ ನಿವೃತ್ತಿಯಿಂದ ಮರಳಿ ಬಂದು, ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಯಾವ ಆಡಂಬರವೂ ಇಲ್ಲದೆ ಗೋಲು ಹೊಡೆದರು.

ಎರಡು ದೂರದ ಊರುಗಳು

ಲೋಕವೆಲ್ಲ ಉದಾಹರಿಸುವ ಪ್ರಸಂಗ 2014ರ ಜುಲೈ 8ರಂದು ಬ್ರೆಜಿಲ್‌ನ ಬೆಲೊ ಹೊರಿಜೊಂಟೆಯಲ್ಲಿ ನಡೆದದ್ದು. ಹಿಂದಿನ ಪಂದ್ಯದಲ್ಲಿ ಬೆನ್ನೆಲುಬಿನ ಗಾಯವಾಗಿ ಹೊರಗುಳಿದಿದ್ದ ನೇಮಾರ್ ಅವರ ಅಂಗಿಯನ್ನು ರಾಷ್ಟ್ರಗೀತೆಯ ವೇಳೆ ಇಬ್ಬರು ಆಟಗಾರರು ಎತ್ತಿ ಹಿಡಿದರು. ಆಟಗಾರರೂ ಪ್ರೇಕ್ಷಕರೂ ಗದ್ಗದಿತರಾಗಿ ಹಾಡಿದರು. ಜರ್ಮನಿ 11ನೆಯ ನಿಮಿಷದಲ್ಲಿ ಮೊದಲ ಗೋಲು ಹೊಡೆಯಿತು. 23ರಿಂದ 29ನೆಯ ನಿಮಿಷದೊಳಗೆ ಇನ್ನೂ ನಾಲ್ಕು. ಕೊನೆಗೆ 7–1. ಆ ತಂಡ ಮೊದಲಿನಿಂದಲೂ ಅತ್ತು ಅತ್ತು ಆಡುತ್ತಿತ್ತೆಂಬ ಆಕ್ಷೇಪಣೆ ಇತ್ತು. ಚಿಲಿ ವಿರುದ್ಧದ ಪೆನಾಲ್ಟಿ ಹಣಾಹಣಿಯ ವೇಳೆ ನಾಯಕ ಥಿಯಾಗೊ ಸಿಲ್ವಾ ದೂರ ಹೋಗಿ ಚೆಂಡಿನ ಮೇಲೆ ಕುಳಿತು ಕಣ್ಣೀರಿಟ್ಟಿದ್ದರು. ಆದರೆ ರಕ್ಷಣಾ ಪಂಕ್ತಿಯ ಆಧಾರವಾದ ಅದೇ ಸಿಲ್ವಾ ಜರ್ಮನಿ ಎದುರು ಅಮಾನತ್ತಿನಿಂದಾಗಿ ಆಡಲಿಲ್ಲ ಎಂಬುದನ್ನೂ ಮರೆಯಲಾಗದು.

ಇದಕ್ಕೆ ನೇರ ವಿರುದ್ಧವಾದದ್ದು ಜಾಂಬಿಯಾದ ಕಥೆ. 1993ರ ಏಪ್ರಿಲ್ 27ರಂದು ಆ ದೇಶದ ತಂಡವನ್ನು ಹೊತ್ತ ವಿಮಾನ ಗ್ಯಾಬನ್ ದೇಶದ ಲಿಬ್ರೆವಿಲ್ ಬಳಿ ಸಮುದ್ರಕ್ಕೆ ಬಿದ್ದು 18 ಆಟಗಾರರೂ ಸೇರಿ 30 ಮಂದಿ ಮೃತರಾದರು. 2012ರಲ್ಲಿ ಆಫ್ರಿಕಾ ಕಪ್ ಫೈನಲ್ ಅದೇ ಲಿಬ್ರೆವಿಲ್‌ನಲ್ಲಿ ನಡೆಯಿತು. ಫೈನಲ್‌ಗೆ ಕೆಲವು ದಿನ ಮೊದಲು ಜಾಂಬಿಯಾದ ಆಟಗಾರರು ಕಡಲ ದಂಡೆಗೆ ಹೋಗಿ ಹೂವರ್ಪಿಸಿ ಬಂದರು. ಫೆಬ್ರವರಿ 12ರಂದು, ತಮಗಿಂತ ಬಹಳ ಬಲಿಷ್ಠವೆನಿಸಿದ್ದ ಐವರಿ ಕೋಸ್ಟ್ ತಂಡವನ್ನು ಗೋಲುರಹಿತ ಆಟದ ಬಳಿಕ ಪೆನಾಲ್ಟಿಯಲ್ಲಿ 8–7ರಿಂದ ಸೋಲಿಸಿ ಪ್ರಶಸ್ತಿ ಗೆದ್ದರು.

ಎರಡೂ ಕಡೆ ದುಃಖವಿತ್ತು. ಒಂದು ಕಡೆ ಅದು ಸೀಟಿ ಊದುವ ಕ್ಷಣದಲ್ಲಿ ಬಂದಿತು, ಇನ್ನೊಂದು ಕಡೆ ಅಳುವುದಕ್ಕೂ ಮಲಗುವುದಕ್ಕೂ ಬಿಡುವು ದೊರೆಯಿತು. ನನ್ನ ದೃಷ್ಟಿಯಲ್ಲಿ ಪ್ರಶ್ನೆಯ ಕೀಲಿ ಇರುವುದು ಇಲ್ಲಿಯೇ. ಡೆನ್ಮಾರ್ಕ್‌ನ ಪ್ರಸಂಗ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 2021ರ ಜೂನ್ 12ರಂದು ಫಿನ್ಲೆಂಡ್ ವಿರುದ್ಧ ಆಡುತ್ತಿದ್ದಾಗ ಕ್ರಿಸ್ಟಿಯನ್ ಎರಿಕ್ಸನ್ ಹೃದಯಸ್ತಂಭನದಿಂದ ಮೈದಾನದಲ್ಲಿಯೇ ಕುಸಿದರು. ಅವರಿಗೆ ಪ್ರಜ್ಞೆ ಬಂದ ಸುದ್ದಿ ತಲುಪಿದ ಮೇಲೆ ಅದೇ ಸಂಜೆ ಪಂದ್ಯ ಮುಂದುವರಿಯಿತು. ಡೆನ್ಮಾರ್ಕ್ ಪೆನಾಲ್ಟಿಯನ್ನೂ ಕಳೆದುಕೊಂಡು 0–1ರಿಂದ ಸೋತಿತು. ಒಂಬತ್ತು ದಿನಗಳ ಬಳಿಕ ಅದೇ ಮೈದಾನದಲ್ಲಿ, ಅದೇ ತಂಡ ರಷ್ಯಾವನ್ನು 4–1ರಿಂದ, ಆನಂತರ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವೇಲ್ಸ್ ತಂಡವನ್ನು 4–0ಯಿಂದ ಮಣಿಸಿ ಸೆಮಿಫೈನಲ್ ತಲುಪಿತು. ಎರಿಕ್ಸನ್ ಚೇತರಿಸಿಕೊಂಡು 2024ರ ಯೂರೋ ಪಂದ್ಯಾವಳಿಯ ತಮ್ಮ ಮೊದಲ ಪಂದ್ಯದಲ್ಲಿಯೇ ಗೋಲು ಹೊಡೆದರೆಂಬುದನ್ನು ಇಲ್ಲಿ ಸಂತೋಷಕ್ಕಾಗಿ ಹೇಳುತ್ತಿದ್ದೇನೆ.

ಬಿಡುವಿಲ್ಲದೆಯೂ ಚೆನ್ನಾಗಿ ಆಡಿದವರಿಲ್ಲವೇ? ಇದ್ದಾರೆ. ನಮ್ಮ ಕರ್ನಾಟಕ ತಂಡವೇ ಅದನ್ನು ಎದುರು ನಿಂತು ಕಂಡಿದೆ. 2006ರ ಡಿಸೆಂಬರ್‌ನಲ್ಲಿ ದೆಹಲಿಯ ಕೋಟ್ಲಾ ಮೈದಾನದಲ್ಲಿ ರಣಜಿ ಪಂದ್ಯ. ಕರ್ನಾಟಕದ 446 ರನ್‌ಗಳಿಗೆ ಉತ್ತರವಾಗಿ ದೆಹಲಿ ಐದು ವಿಕೆಟ್ ಕಳೆದುಕೊಂಡು ಕುಸಿದಿತ್ತು. ಹದಿನೆಂಟು ವರ್ಷದ ವಿರಾಟ್ ಕೊಹ್ಲಿ 40 ರನ್ ಮಾಡಿ ಅಜೇಯರಾಗಿದ್ದರು. ಆ ರಾತ್ರಿ ತಂದೆ ತೀರಿಕೊಂಡರು. ಬೆಳಿಗ್ಗೆ ಬಂದು ಬ್ಯಾಟ್ ಹಿಡಿದ ಹುಡುಗ 90 ರನ್ ಗಳಿಸಿ, ತಂಡವನ್ನು ಫಾಲೋಆನ್ ಭೀತಿಯಿಂದ ಪಾರುಮಾಡಲು ನೆರವಾಗಿ ಅಂತ್ಯಕ್ರಿಯೆಗೆ ತೆರಳಿದರು. ಆದರೆ ಅಂದು ಆಡಬೇಕೆಂದು ನಿರ್ಧರಿಸಿದವರು ಅವರೇ. ಕೈಯಲ್ಲಿದ್ದುದು ಅರ್ಧಕ್ಕೆ ನಿಂತ, ಚೆನ್ನಾಗಿ ಬಲ್ಲ ಕೆಲಸ. ಯಾರೂ ಅವರ ದುಃಖವನ್ನು ಮೈಕ್ ಮುಂದೆ ನಿಲ್ಲಿಸಿರಲಿಲ್ಲ.

ವಿಜ್ಞಾನಿಗಳು ಹೇಳುವುದು

1908ರಲ್ಲಿ ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಇಲಿಗಳಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಕಲಿಕೆಯನ್ನು ಪರೀಕ್ಷಿಸಿದರು. ಸುಲಭದ ಕೆಲಸವಾದರೆ ಉದ್ರೇಕ ಹೆಚ್ಚಿದಷ್ಟೂ ಕಲಿಕೆ ಚುರುಕಾಯಿತು. ಕಠಿಣ ಕೆಲಸವಾದರೆ ಮಧ್ಯಮ ಪ್ರಮಾಣದ ಉದ್ರೇಕದಲ್ಲಿ ಕಲಿಕೆ ಉತ್ತಮವಾಗಿದ್ದು, ಅದು ಮಿತಿ ಮೀರಿದೊಡನೆ ಕೆಟ್ಟಿತು. ಮೂಟೆ ಹೊರುವವನಿಗೆ ಹುರುಪು ಲಾಭ, ತಕ್ಕಡಿ ಹಿಡಿಯುವವನಿಗೆ ಅದೇ ಹುರುಪು ನಷ್ಟ ಎಂದು ನಮ್ಮ ಭಾಷೆಯಲ್ಲಿ ಹೇಳಬಹುದು. ನಾರ್ವೆಯ ಗೇರ್ ಯೋರ್ಡೆಟ್ ಎಂಬ ಸಂಶೋಧಕರು ದೊಡ್ಡ ಪಂದ್ಯಾವಳಿಗಳ ಪೆನಾಲ್ಟಿ ಹಣಾಹಣಿಗಳನ್ನು ಪರಿಶೀಲಿಸಿ ಕಂಡುಕೊಂಡದ್ದು ಇನ್ನೂ ಕುತೂಹಲಕಾರಿ: ಗೋಲಾದರೆ ತಂಡ ಗೆಲ್ಲುತ್ತದೆ ಎಂಬ ಸ್ಥಿತಿಯಲ್ಲಿ ಶೇಕಡಾ ಸುಮಾರು 90 ಒದೆತಗಳು ಗೋಲಾದವು, ತಪ್ಪಿದರೆ ತಂಡ ಸೋಲುತ್ತದೆ ಎಂಬ ಸ್ಥಿತಿಯಲ್ಲಿ ಅದು ಶೇಕಡಾ 60ರ ಆಸುಪಾಸಿಗೆ ಇಳಿಯಿತು. ಚೆಂಡು ಅದೇ, ದೂರ ಅದೇ. ಬದಲಾದದ್ದು ಮನಸ್ಸಿನ ಮೇಲಿನ ಋಣ. ಅಗಲಿದವನ ಹೆಸರಿನಲ್ಲಿ ಗೆಲ್ಲಲೇಬೇಕೆಂದು ವೇದಿಕೆಯಿಂದ ಸಾರುವವರು, ತಮಗರಿವಿಲ್ಲದೆಯೇ ಆಟಗಾರನನ್ನು ಈ ಎರಡನೆಯ ಸ್ಥಿತಿಗೆ ದೂಡುತ್ತಾರೆಂಬುದು ನನ್ನ ಅನಿಸಿಕೆ.

ನನ್ನ ಘಟಕದಲ್ಲಿ ನಡೆದದ್ದು

ಇಷ್ಟೆಲ್ಲ ಓದುವಂತೆ ಮಾಡಿದ್ದು ಫುಟ್ಬಾಲ್ ಅಲ್ಲ. ನಾನು ಅಡಿಕೆ ಹಾಳೆಯ ತಟ್ಟೆ ಒತ್ತುವ ಸಣ್ಣ ಘಟಕವೊಂದನ್ನು ನಡೆಸುತ್ತೇನೆ. ಮೊದಲಿನಿಂದಲೂ ನಮ್ಮೊಡನಿದ್ದ ಹಿರಿಯ ಕೆಲಸಗಾರರೊಬ್ಬರು ಕೆಲವು ವರ್ಷಗಳ ಹಿಂದೆ ಹಠಾತ್ತನೆ ತೀರಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಎಲ್ಲರನ್ನೂ ಯಂತ್ರಗಳ ಮುಂದೆ ನಿಲ್ಲಿಸಿ ಮೌನ ಆಚರಿಸಿದೆ. ಅವರ ಬಗ್ಗೆ ಹತ್ತು ನಿಮಿಷ ಮಾತನಾಡಿದೆ. ಇಬ್ಬರು ಹುಡುಗರು ಅತ್ತರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಅವರ ಹೆಸರಿನಲ್ಲಿ ಇಂದು ಎಂದಿಗಿಂತ ಹೆಚ್ಚು ತಟ್ಟೆ ತೆಗೆಯೋಣ ಎಂದೂ ಹೇಳಿದೆ. ಬೆಂಗಳೂರಿನ ವರ್ತಕರೊಬ್ಬರಿಗೆ ಸರಕು ಕಳಿಸುವ ಗಡುವೂ ಹತ್ತಿರವಿತ್ತೆಂಬುದನ್ನು ಮರೆಮಾಚುವುದಿಲ್ಲ. ಒಡನೆಯೇ ಯಂತ್ರ ಚಾಲೂ ಆಯಿತು. ಅರ್ಧ ಗಂಟೆಯೊಳಗೆ, ಅತ್ತ ಹುಡುಗರಲ್ಲಿ ಒಬ್ಬನ ಬೆರಳುಗಳು ಕಾದ ಅಚ್ಚಿಗೆ ತಗಲಿ ಸುಟ್ಟವು. ಅವನು ಮೂರು ವರ್ಷಗಳಿಂದ ಅದೇ ಯಂತ್ರದಲ್ಲಿ ಒಂದು ಗೀರೂ ಆಗದಂತೆ ದುಡಿದವನು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಅವನು, “ಅಣ್ಣಾರು ಹೇಳಿದ್ದು ತಲೇಲಿ ಓಡ್ತಾ ಇತ್ತು ಸಾರ್, ಕೈ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ” ಎಂದ. ಅಣ್ಣಾರು ಹೇಳಿದ್ದಲ್ಲ, ಹೇಳಿದವನು ನಾನು. ಅವನ ಮನಸ್ಸಿನಲ್ಲಿ ಎರಡೂ ಒಂದಾಗಿಬಿಟ್ಟಿದ್ದವು.

ಅಂದಿನಿಂದ ಕ್ರಮ ಬದಲಿಸಿದೆ. ಸಂತಾಪ, ಸನ್ಮಾನ, ಬೀಳ್ಕೊಡುಗೆ ಯಾವುದೇ ಇರಲಿ, ಸಂಜೆ ಯಂತ್ರ ನಿಂತ ಮೇಲೆಯೇ. ಮನೆಯಲ್ಲಿ ಸಾವು ಕಂಡು ಕೆಲಸಕ್ಕೆ ಮರಳಿದವರಿಗೆ ಮೊದಲ ಕೆಲವು ದಿನ ತಟ್ಟೆ ವಿಂಗಡಿಸುವ, ಕಟ್ಟು ಕಟ್ಟುವ ಕೆಲಸ, ಕೂಲಿ ಅಷ್ಟೇ. ಯಂತ್ರಕ್ಕೆ ಮರಳುವ ದಿನವನ್ನು ಅವರೇ ಹೇಳಬೇಕು. ಬೇಗ ಹೇಳುವವರೂ ಇದ್ದಾರೆ, ಏಕೆಂದರೆ ಕೆಲವರಿಗೆ ಕೈಗೆ ಒಗ್ಗಿದ ಕೆಲಸವೇ ಸಮಾಧಾನ. ಅವರನ್ನು ತಡೆಯುವುದೂ ತಪ್ಪೆಂದು ಅನುಭವ ಕಲಿಸಿದೆ. ಇದರಿಂದ ಉತ್ಪಾದನೆಯಲ್ಲಿ ಒಂದಿಷ್ಟು ಕುಂದುಂಟಾಗುವುದು ನಿಜ. ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮವಿಟ್ಟು ಅದನ್ನು ಆ ದಿನ ಚಾಲೂ ಮಾಡದೆ ಬಿಡುವ ನಮ್ಮ ಪದ್ಧತಿಯಲ್ಲಿ ನಾವು ಈ ಕುಂದನ್ನು ಸಂತೋಷದಿಂದಲೇ ಒಪ್ಪಿಕೊಂಡಿದ್ದೇವಲ್ಲವೇ?

ಈ ಬಾರಿ ಪಂದ್ಯಾವಳಿಯ ಯುವಕರು ದೇಣಿಗೆಗೆ ಬಂದಾಗ ಕರಪತ್ರ ನೋಡಿದೆ. ಬೆಳಿಗ್ಗೆ 10ಕ್ಕೆ ಉದ್ಘಾಟನೆ ಹಾಗೂ ಅಗಲಿದ ಗೆಳೆಯನಿಗೆ ಶ್ರದ್ಧಾಂಜಲಿ, 10-15ಕ್ಕೆ ಮೊದಲ ಪಂದ್ಯ ಎಂದಿತ್ತು. ಶ್ರದ್ಧಾಂಜಲಿಯನ್ನು ಹಿಂದಿನ ಸಂಜೆಗೆ ಇಟ್ಟುಕೊಂಡರೆ ಊಟದ ಖರ್ಚನ್ನೂ ನಾನೇ ಕೊಡುತ್ತೇನೆಂದೆ. ಹುಡುಗರು ಪರಸ್ಪರ ಮುಖ ನೋಡಿಕೊಂಡು ಒಪ್ಪಿದರು. ಉದ್ಘಾಟನೆಯನ್ನು ಮಾತ್ರ ಅಲುಗಿಸಲಾಗದಂತೆ. ಅತಿಥಿಗಳಿಗೆ ಬಿಡುವಿರುವುದು ಬೆಳಗಿನ ಹೊತ್ತು ಮಾತ್ರವಂತೆ.