ಬೆಂಗಳೂರಲ್ಲಿ ರಿಪೇರಿ, ಪುಣೆಯಲ್ಲಿ ಡ್ಯೂಟಿ: ಲಿಬರೇಟರ್ ವಿಮಾನದ ಕಥೆ

ವೀಡಿಯೋ ಪೂರ್ತಿ ನೋಡೋಕೆ ಟೈಮ್ ಸಿಗದವರಿಗೆ ಇದು ಅದರ ಬರಹ ರೂಪ.

ರಾಂಜಣಗಾಂವದಲ್ಲಿರೋ ನಾವು ಹಬ್ಬಕ್ಕೆ ಊರಿಗೆ ಹೊರಟರೆ ನಗರ ರಸ್ತೆ ಹಿಡಿದು ಲೋಹಗಾಂವ ಏರ್‌ಪೋರ್ಟಿಗೆ ಬರ್ತೀವಿ. ಆ ರನ್‌ವೇ ವಾಯುಪಡೆಯದ್ದು ಅಂತ ಎಲ್ಲರಿಗೂ ಗೊತ್ತು. ಆದರೆ ಒಂದು ಕಾಲದಲ್ಲಿ ಪುಣೆಯಿಂದ ಸಮುದ್ರ ಕಾಯೋಕೆ ಹೋಗ್ತಿದ್ದ ವಿಮಾನಗಳೂ ನಮ್ಮ ಹಾಗೇ ಬೆಂಗಳೂರು ಕಡೆಯಿಂದ ಬಂದವು. ಅದೇ ಇವತ್ತಿನ ವಿಷಯ.

ಬಿ-24 ಲಿಬರೇಟರ್ ಅಮೆರಿಕದ ನಾಲ್ಕು ಎಂಜಿನ್‌ನ ಬಾಂಬರ್. ಒಂದೇ ಸಲಕ್ಕೆ 3,000 ಕಿ.ಮೀ.ಗಿಂತ ಹೆಚ್ಚು ದೂರ ಹೋಗಬಲ್ಲದು. ಎರಡನೇ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಬೇರೆ ವಿಮಾನ ತಲುಪದ ಜಾಗದಲ್ಲೂ ಜರ್ಮನ್ ಜಲಾಂತರ್ಗಾಮಿಗಳನ್ನು ಬೇಟೆಯಾಡಿದ್ದು ಇದೇ.

ಯುದ್ಧ ಮುಗಿದಾಗ ಬ್ರಿಟಿಷರ ಬಳಿಯಿದ್ದ ಹಲವು ಲಿಬರೇಟರ್‌ಗಳು ಕಾನ್ಪುರದಲ್ಲಿ ಉಳಿದವು. ಅವು ಅಮೆರಿಕದಿಂದ ಲೆಂಡ್-ಲೀಸ್ ಕರಾರಿನ ಮೇಲೆ ಬಂದವು. ಬೇರೆಯವರಿಗೆ ಕೊಡೋ ಹಾಗಿಲ್ಲ. ಹಾಗಾಗಿ ಇನ್ನು ಹಾರಬಾರದು ಅಂತಲೇ ಅವನ್ನು ಹಾಳುಮಾಡಿ ಬಿಟ್ಟು ಹೋದರು.

ಹೊಸದಾಗಿ ಸ್ವತಂತ್ರವಾದ ದೇಶಕ್ಕೆ ದೊಡ್ಡ ವಿಮಾನ ಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ಆಗ ಕೆಲಸ ಬಂದಿದ್ದು ಬೆಂಗಳೂರಿನ ಎಚ್‌ಎಎಲ್‌ಗೆ. ಯುದ್ಧಕಾಲದಲ್ಲಿ ಅಮೆರಿಕನ್ ವಿಮಾನಗಳನ್ನೇ ರಿಪೇರಿ ಮಾಡಿದ್ದ ಕೈಗಳು ಅಲ್ಲಿದ್ದವು. ಕಾನ್ಪುರದಲ್ಲಿ ಹಾರೋ ಮಟ್ಟಿಗಷ್ಟೇ ಸರಿಮಾಡಿ, ಎಚ್‌ಎಎಲ್ ಪೈಲಟ್ ಜಮ್ಶೇದ್ ಮುನ್ಶಿ ಒಂದೊಂದನ್ನೇ ಬೆಂಗಳೂರಿಗೆ ತಂದರು. ಗುಜರಿಯಿಂದ ಎದ್ದ ವಿಮಾನ, ದಾರಿಯಲ್ಲಿ ಏನಾದರೂ ಕೈಕೊಟ್ಟರೆ ಜೀವಕ್ಕೇ ಕುತ್ತು. 1948ರ ನವೆಂಬರ್‌ನಲ್ಲಿ ಮೊದಲ ಲಿಬರೇಟರ್‌ಗಳು ವಾಯುಪಡೆಗೆ ಸಿದ್ಧವಾದವು.

1951ರಲ್ಲಿ ಪುಣೆಯಲ್ಲಿ 6ನೇ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ಮತ್ತೆ ಶುರುವಾಯಿತು. ಕೆಲಸ ಸಮುದ್ರದ ಗಸ್ತು. ಪುಣೆಯಲ್ಲಿ ಸಮುದ್ರ ಎಲ್ಲಿದೆ ಅಂತೀರಾ? ಘಟ್ಟ ದಾಟಿದರೆ ಕೊಂಕಣ, ಆಚೆಗೆ ಅರಬ್ಬೀ ಸಮುದ್ರ. ಇಷ್ಟು ದೂರ ಹಾರೋ ವಿಮಾನಕ್ಕೆ ಅದು ಪಕ್ಕದ ಬೀದಿ ಇದ್ದ ಹಾಗೆ.

1968ರ ಕೊನೆಗೆ ಲಿಬರೇಟರ್ ನಿವೃತ್ತವಾಯಿತು. ಆ ಹೊತ್ತಿಗೆ ಏರ್ ಇಂಡಿಯಾದಿಂದ ಬಂದ ಸೂಪರ್ ಕಾನ್‌ಸ್ಟಲೇಶನ್‌ಗಳು ಇದೇ ಸ್ಕ್ವಾಡ್ರನ್‌ನಲ್ಲಿ ಗಸ್ತು ಹೊಡೀತಿದ್ದವು. 1976ರಲ್ಲಿ ಅವು ನೌಕಾಪಡೆಗೆ ಹೋದವು. ಅವುಗಳ ನಂತರ ನೌಕಾಪಡೆಯ ಅದೇ ಸ್ಕ್ವಾಡ್ರನ್‌ಗೆ 1988ರಲ್ಲಿ ಬಂದಿದ್ದು ರಷ್ಯದ ಟುಪೊಲೆವ್-142. 2017ರಲ್ಲಿ ನಿವೃತ್ತವಾದ ಆ ವಿಮಾನಗಳಲ್ಲಿ ಒಂದನ್ನು ಈಗ ನಮ್ಮ ಕಾರವಾರದ ಕಡಲತೀರದಲ್ಲೇ ನೋಡಬಹುದು.

ಕೊನೆಗೊಂದು ಮಾತು. ಜಗತ್ತಿನಲ್ಲಿ ತಯಾರಾದ ಲಿಬರೇಟರ್‌ಗಳು 18,000ಕ್ಕೂ ಹೆಚ್ಚು, ಉಳಿದಿರೋದು ಬೆರಳೆಣಿಕೆಯಷ್ಟು. ಲಂಡನ್ನಿನ ಮ್ಯೂಸಿಯಂಗೆಂದು 1974ರಲ್ಲಿ ಭಾರತದಿಂದ ಹಾರಿಕೊಂಡೇ ಬ್ರಿಟನ್ನಿಗೆ ಹೋದದ್ದು, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿರೋದು, ಎರಡೂ ನಮ್ಮ ವಾಯುಪಡೆಯಲ್ಲಿ ಸೇವೆ ಮಾಡಿದವೇ. ಹಾಳುಮಾಡಿ ಬಿಟ್ಟವರ ದೇಶಕ್ಕೇ ಹಾರೋ ಸ್ಥಿತಿಯಲ್ಲಿ ವಾಪಸ್ ಕೊಟ್ಟವರು ನಾವು.

ಮುಂದಿನ ಸಲ ಲೋಹಗಾಂವದಲ್ಲಿ ಫ್ಲೈಟ್ ಲೇಟಾದರೆ ಬೈಕೋಬೇಡಿ. ರನ್‌ವೇ ಕಡೆ ನೋಡಿ, ಇದನ್ನ ನೆನೆಸಿಕೊಳ್ಳಿ. ಸಿಗೋಣ.