ಹಳೆಯ ಮನೆಗೆ ಹೊಸ ಮಾಡು

ಮಳೆಗಾಲ ಹಿಡಿಯಿತೆಂದರೆ ನಮ್ಮ ಮನೆಯಲ್ಲಿ ಪಾತ್ರೆಗಳಿಗೆ ಬರ. ಗಂಜಿ ಬೇಯಿಸುವ ತಪಲೆ ಚಾವಡಿಯ ಮೂಲೆಯಲ್ಲಿ, ಬಚ್ಚಲಿನ ಬಾಲ್ದಿ ಅಟ್ಟದ ಏಣಿಯ ಕೆಳಗೆ, ಹಿತ್ತಾಳೆಯ ಕೊಪ್ಪರಿಗೆ ಅಜ್ಜನ ಮಂಚದ ಕಾಲಬುಡದಲ್ಲಿ. ಬಂದ ನೆಂಟರಿಗೆ ಎಲ್ಲಿ ಮಲಗಬೇಕೆಂದು ಹೇಳುವುದಕ್ಕಿಂತ ಎಲ್ಲಿ ಮಲಗಬಾರದೆಂದು ಹೇಳುವುದೇ ಸುಲಭವಾಗಿತ್ತು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಅದರಲ್ಲಿ ನಮ್ಮ ಮನೆಯೊಳಗಿನ ಪಾಲೆಷ್ಟೆಂದು ಪಾತ್ರೆ ಎಣಿಸಿ ಹೇಳಬಹುದಿತ್ತು.

ಹದಿನೈದು ವರ್ಷಗಳಿಂದ ಪ್ರತಿ ಆಟಿ ತಿಂಗಳಲ್ಲಿಯೂ ನಾವು ಒಂದು ನಿರ್ಧಾರ ಮಾಡುತ್ತಿದ್ದೆವು. ಈ ಸಲ ಮಳೆ ಬಿಟ್ಟೊಡನೆ ಮಾಡು ಬಿಚ್ಚಿಸಿ ಸರಿಮಾಡಿಸಲೇಬೇಕು ಎಂದು. ಮಳೆ ಬಿಡುತ್ತಿತ್ತು. ಅಡಿಕೆ ಕೊಯ್ಲಾಗಲಿ ಎನ್ನುತ್ತಿದ್ದೆವು. ಅಡಿಕೆ ಅಂಗಳಕ್ಕೆ ಬಂದರೆ ಒಣಗಲಿ, ಒಣಗಿದರೆ ಧಾರಣೆ ಏರಲಿ. ಒಂದು ವರ್ಷ ಅಕ್ಕನ ಮಗಳ ಮದುವೆ, ಇನ್ನೊಂದು ವರ್ಷ ಪರೀಕ್ಷೆಯ ಕೆಲಸ. ಪತ್ತನಾಜೆ ಕಳೆದು ಮೋಡ ಕಟ್ಟುವ ಹೊತ್ತಿಗೆ ಪೇಟೆಯಿಂದ ನೀಲಿ ಟಾರ್ಪಾಲು ತಂದು ಮಾಡಿನ ಮೇಲೆ ಹಾಸಿ ಕಲ್ಲು ಹೇರುವುದು. ಆ ಟಾರ್ಪಾಲುಗಳಿಗೆ ಕೊಟ್ಟ ಹಣವನ್ನು ಒಟ್ಟು ಹಾಕಿದರೆ ನಾಚಿಕೆಯಾಗುತ್ತದೆ. ನಮ್ಮ ಓದುಗರಲ್ಲಿ ಇಂತಹ ಟಾರ್ಪಾಲಿನ ಮನೆಯವರು ಕೆಲವರಾದರೂ ಇರಬಹುದೆಂಬ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇವೆ.

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ಇರುವ ಈ ಮನೆಯ ಗೋಡೆಗಳನ್ನು ಏರಿಸಿದವರು ಮುತ್ತಜ್ಜ. ಆಗ ಮಾಡಿಗೆ ಮುಳಿಹುಲ್ಲು. ಅಜ್ಜನ ಕಾಲಕ್ಕೆ ಹಂಚು ಬಂತು. ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮನೆಗಳ ರೂಪವೇ ಬದಲಾಯಿತು. ಆದರೆ ಒಳನಾಡಿನ ಸಾಧಾರಣ ಕೃಷಿಕರ ಮನೆಗಳಿಗೆ ಹಂಚು ತಲುಪಲು ಇನ್ನೂ ಎರಡು ತಲೆಮಾರು ಬೇಕಾಯಿತು. ಮನೆ ಕಟ್ಟಿದಾಗ ನಮ್ಮ ಊರು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು, ಬಳಿಕ ಕಣ್ಣೂರು ಜಿಲ್ಲೆಗೆ ಒಳಪಟ್ಟಿತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಹೀಗೆ ನಮ್ಮ ಮನೆ ಅಡಿಪಾಯದಿಂದ ಒಂದಂಗುಲವೂ ಅಲುಗದೆ ಹಲವು ಜಿಲ್ಲೆಗಳನ್ನು ಕಂಡಿದೆ.

ಕೆಲಸ ಮುಂದೆ ಹೋಗುತ್ತಿದ್ದುದು ಹಣವಿಲ್ಲದ್ದರಿಂದ ಎಂದು ನಾವು ಹೊರಗೆ ಹೇಳುತ್ತಿದ್ದೆವು. ಅದು ಅರ್ಧ ಮಾತ್ರ ನಿಜ. ನಾವು ಮೂವರು ಅಣ್ಣತಮ್ಮಂದಿರು. ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಶಾರ್ಜಾದಲ್ಲಿ. ಅಕ್ಕನನ್ನು ಪುತ್ತೂರಿಗೆ ಕೊಟ್ಟಿದೆ. ಮನೆ ಪಾಲಾಗಿಲ್ಲ. ಊರಲ್ಲಿ ಉಳಿದವರು ಖರ್ಚು ಮಾಡಿದರೆ ನಾಳೆ ಮನೆ ಯಾರದು? ಹೊರಗಿದ್ದವರು ಹಣ ಕಳುಹಿಸಿದರೆ ಅವರು ಇಲ್ಲಿ ಬಂದಿರುವುದು ವರ್ಷಕ್ಕೆ ಎಷ್ಟು ದಿನ? ಈ ಮಾತನ್ನು ಯಾರೂ ಬಾಯಿಬಿಟ್ಟು ಆಡಿದವರಲ್ಲ. ಫೋನಿನಲ್ಲಿ ಮಾತನಾಡುವಾಗ ಮಳೆಯ ಸುದ್ದಿ ಬರುತ್ತಿತ್ತು, ಮಾಡಿನ ಸುದ್ದಿ ಬರುತ್ತಿರಲಿಲ್ಲ. ಯಾರಿಗಾಗಿ ಸರಿಮಾಡುವುದು ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಹಣವಿದ್ದರೂ ಒಂದು ಹಂಚು ಮಗುಚಲಾಗುವುದಿಲ್ಲ.

ತೋಡಿನಾಚೆಯ ಮನೆಯವರು ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡರು. ಮಕ್ಕಳೆಲ್ಲ ಬೆಂಗಳೂರು, ಮೈಸೂರು ಸೇರಿದ ಮೇಲೆ ಮನೆಗೆ ಬೀಗ ಹಾಕಿದರು. ಬೀಗ ಹಾಕಿದ ಹಂಚಿನ ಮನೆ ಬಹಳ ಕಾಲ ಬಾಳುವುದಿಲ್ಲ. ಒಲೆಯ ಹೊಗೆಯಿಲ್ಲ, ಗುಡಿಸುವ ಕೈಯಿಲ್ಲ, ಒರಲೆಗೆ ಹಬ್ಬ. ಐದು ಮಳೆಗಾಲದೊಳಗೆ ಅಡುಗೆಮನೆಯ ಬದಿ ಕುಳಿತಿತು. ಮತ್ತೆ ಹಂಚು ಒಬ್ಬರಿಗೆ, ಕಲ್ಲು ಒಬ್ಬರಿಗೆ, ಕೆತ್ತನೆಯ ದಾರಂದ ಎಲ್ಲಿಯದೋ ರೆಸಾರ್ಟಿಗೆ. ಆ ಮನೆಯಿಂದ ಎರಡು ತಲೆಮಾರಿನ ಮಕ್ಕಳು ನಾವು ಪಾಠ ಹೇಳುವ ಕನ್ನಡ ಶಾಲೆಗೆ ಬಂದಿದ್ದರು. ನಮ್ಮ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಎಂದರೆ ಅಧ್ಯಾಪಕರಿಗೆ ಎದೆ ಹೊಡೆದುಕೊಳ್ಳುವ ದಿನ. ಅಂದಿನ ತಲೆಯೆಣಿಕೆಯ ಮೇಲೆಯೇ ಡಿವಿಜನ್ ಉಳಿಯುವುದೋ ಹೋಗುವುದೋ ನಿಶ್ಚಯವಾಗುತ್ತದೆ. ಅಂತಹ ಒಂದು ಎಣಿಕೆಯ ದಿನ ಹಾಜರಿ ಪುಸ್ತಕ ಹಿಡಿದು ಕುಳಿತಾಗ ನಮಗೆ ಕಂಡುದು ಮಕ್ಕಳ ಹೆಸರಲ್ಲ, ಒಂದೊಂದಾಗಿ ಬೀಗ ಬಿದ್ದ ಮನೆಗಳ ಹೆಸರು. ಆದರೂ, ಸತ್ಯ ಹೇಳಬೇಕೆಂದರೆ, ಅಂದು ಮನೆಗೆ ಬಂದು ನಾವು ಮಾಡಿದ್ದು ಟಾರ್ಪಾಲು ಎಳೆದು ಕಟ್ಟಿದ್ದನ್ನು ಮಾತ್ರ.

ಕಳೆದ ಆಟಿಯ ಒಂದು ರಾತ್ರಿ ಉಗ್ರಾಣದ ಮೇಲಿನ ಪಕ್ಕಾಸು ಮುರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಹಳೆಯ ಮರ ಮುರಿಯುವಾಗ ಕೆಮ್ಮಿದಂತೆ ಕೇಳಿಸುತ್ತದೆ. ಹಿಂದಿನಿಂದ ಹತ್ತಿಪ್ಪತ್ತು ಹಂಚು ಬಿತ್ತು. ಕೆಳಗೆ ಇದ್ದುದು ಕಾಗದಪತ್ರಗಳ ಮರದ ಪೆಟ್ಟಿಗೆ. ಟಾರ್ಚು ಹಿಡಿದು ನಾವು ಹೋಗುವಷ್ಟರಲ್ಲಿ ಎಂಬತ್ತು ದಾಟಿದ ಅಮ್ಮ ಅದನ್ನು ಒಬ್ಬರೇ ಜಗ್ಗಿ ಹೊರಗೆ ತಂದಿದ್ದರು. ಬೆಳಗಾಗುವವರೆಗೆ ಒಲೆಯ ಬದಿಯಲ್ಲಿ ಹಗ್ಗ ಕಟ್ಟಿ ಹಳೆಯ ಕನ್ನಡ ದಸ್ತಾವೇಜುಗಳನ್ನು ಬಟ್ಟೆಯಂತೆ ಒಣಗಿಸಿದೆವು. ಶಾಯಿ ಹಬ್ಬಿ ಕೆಲವು ಸಾಲುಗಳು ಹೋದವು. ಅಮ್ಮ ಬೈಯಲಿಲ್ಲ. "ಕೆಡಹುವುದಾದರೆ ಕೆಡಹಿ, ಕಟ್ಟುವುದಾದರೆ ಕಟ್ಟಿ. ಅದು ತಾನಾಗಿ ಬೀಳಲಿ ಎಂದು ಕಾಯುತ್ತಾ ಕೂತುಕೊಳ್ಳಬೇಡಿ" ಎಂದಷ್ಟೇ ಹೇಳಿದರು.

ಎರಡು ದಿನ ಬಿಟ್ಟು ಆಚಾರಿಯನ್ನು ಕರೆಸಿದೆವು. ಅವರ ಮನೆಮಾತು ಮಲಯಾಳ, ನಮ್ಮೊಡನೆ ಮಾತು ತುಳುವಿನಲ್ಲಿ, ಲೆಕ್ಕ ಮಾತ್ರ ಮಲಯಾಳದಲ್ಲಿ. ಅವರ ತಂದೆ ನಮ್ಮ ಅಜ್ಜನ ಕಾಲದಲ್ಲಿ ಈ ಮಾಡು ಏರಿಸಿದವರಲ್ಲಿ ಒಬ್ಬರು. ಏಣಿ ಹತ್ತಿ, ಸುತ್ತಿಗೆಯ ಹಿಡಿಯಿಂದ ಒಂದೊಂದು ಪಕ್ಕಾಸನ್ನೂ ತಟ್ಟಿ ಸದ್ದು ಕೇಳುತ್ತಾ, ಕೆಟ್ಟುದಕ್ಕೆ ಸುಣ್ಣದ ಗೆರೆ ಎಳೆಯುತ್ತಾ ಹೋದರು. ಮಧ್ಯಾಹ್ನ ಕೆಳಗಿಳಿದು ಹೇಳಿದರು: "ಮಾಷೇ, ಹೋದದ್ದು ಹನ್ನೊಂದು ಪಕ್ಕಾಸು. ರೀಪು ಹೆಚ್ಚಿನದೂ ಹೋಗಿದೆ. ತೊಲೆಗಳಿಗೆ ಏನೂ ಆಗಿಲ್ಲ, ಹಲಸು. ಗೋಡೆಯಂತೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇದ್ದೀತು."

ಹನ್ನೊಂದು! ಹದಿನೈದು ವರ್ಷ ನಾವು ಹೆದರಿದ್ದು ಇಡೀ ಮನೆಗೆ. ಆ ಹೆದರಿಕೆಗೆ ಅಳತೆಯೇ ಇರಲಿಲ್ಲ, ಆದ್ದರಿಂದಲೇ ಅದರ ಹತ್ತಿರ ಹೋಗಲು ಮನಸ್ಸು ಬರುತ್ತಿರಲಿಲ್ಲ. ಒಬ್ಬರು ಬಂದು ತಟ್ಟಿ, ಎಣಿಸಿ, ಸುಣ್ಣದ ಗೆರೆ ಹಾಕಿದೊಡನೆ ಅದು ಕೆಲಸವಾಯಿತು. ಆ ಸಂಜೆಯೇ ಗೆರೆ ಎಳೆದ ಪಕ್ಕಾಸುಗಳ ಪಟ ತೆಗೆದು ತಮ್ಮಂದಿರಿಗೆ ಕಳುಹಿಸಿದೆವು. ಶಾರ್ಜಾದಿಂದ ರಾತ್ರಿಯೇ ಫೋನು: "ಅಣ್ಣಾ, ಇಷ್ಟೇಯಾ? ಮೊದಲೇ ಯಾಕೆ ಹೇಳಲಿಲ್ಲ?" ಮೊದಲೇ ಯಾಕೆ ಕೇಳಲಿಲ್ಲ ಎಂದು ನಾವೂ ಕೇಳಬಹುದಿತ್ತು. ಕೇಳಲಿಲ್ಲ.

ಬೆಂಗಳೂರಿನ ತಮ್ಮನದು ಬೇರೆ ಅಭಿಪ್ರಾಯ. ಹಳೆಯದಕ್ಕೆ ತೇಪೆ ಹಾಕುವ ಬದಲು ಕೆಡಹಿ ತಾರಸಿ ಮನೆ ಕಟ್ಟಿಸೋಣ ಎಂದ. ಒಬ್ಬ ಎಂಜಿನಿಯರರಿಂದ ಅಂದಾಜು ಬರೆಸಿದೆವು. ದುರಸ್ತಿಗೆ ತಗಲುವ ಹಣಕ್ಕೆ ಅದು ಸುಮಾರು ಐದು ಪಾಲು. ಹಣದ ಮಾತು ಹಾಗಿರಲಿ, ನಮ್ಮ ಮಳೆಗೆ ಚಪ್ಪಟೆ ತಾರಸಿ ಎಷ್ಟು ಹೊಂದುತ್ತದೆ ಎಂಬುದನ್ನು ರಸ್ತೆಯ ಇಕ್ಕೆಲ ನೋಡಿದರೆ ಸಾಕು. ಇಪ್ಪತ್ತು ಮೂವತ್ತು ವರ್ಷದ ತಾರಸಿಗಳ ಮೇಲೆಲ್ಲ ಈಗ ಕಬ್ಬಿಣದ ಕಾಲು ನಿಲ್ಲಿಸಿ ಶೀಟಿನ ಇಳಿಜಾರು ಮಾಡು ಹೊದೆಸಿದ್ದಾರೆ. ಇಳಿಜಾರು ಮಾಡಿಗೇ ಮರಳುವುದಾದರೆ, ಇದ್ದುದನ್ನು ಕೆಡಹುವುದೇಕೆ? ಇನ್ನು ಗೋಡೆ. ನಮ್ಮ ಮುರಕಲ್ಲು ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು, ಗಾಳಿ ತಾಗುತ್ತಾ ಗಟ್ಟಿಯಾಗುವ ಕಲ್ಲು. ಇಕ್ಕೇರಿ ನಾಯಕರ ಕಾಲದ ಬೇಕಲದ ಕೋಟೆ ಅದೇ ಕಲ್ಲಿನದು. ಕಡಲ ಗಾಳಿಗೆ ಎದೆಕೊಟ್ಟು ಇಂದಿಗೂ ನಿಂತಿದೆ. ತಮ್ಮ ಒಪ್ಪಿದ, ಒಂದು ಷರತ್ತಿನ ಮೇಲೆ: ಅಮ್ಮನಿಗೆ ಮನೆಯೊಳಗೆ ಬಚ್ಚಲು, ಪಾಯಿಖಾನೆ ಆಗಬೇಕು. ಈ ಮಾತು ಊರಲ್ಲಿದ್ದ ನಮಗೆ ಮೊದಲು ಹೊಳೆಯಬೇಕಾಗಿತ್ತು. ಮಳೆಯ ರಾತ್ರಿ ಕೊಡೆ ಹಿಡಿದು ಅಂಗಳ ದಾಟಿ ಬಚ್ಚಲಿಗೆ ಹೋಗುತ್ತಿದ್ದ ಅಮ್ಮನನ್ನು ದಿನವೂ ನೋಡುತ್ತಿದ್ದವರು ನಾವೇ.

ಸಾಲಕ್ಕಾಗಿ ಒಂದು ಸಹಕಾರಿ ಬ್ಯಾಂಕಿಗೆ ಹೋದಾಗ ಹಗ್ಗದಲ್ಲಿ ಒಣಗಿದ ಕಾಗದಗಳು ಕೆಲಸಕ್ಕೆ ಬಂದವು. ಆದರೆ ಅವು ಕನ್ನಡದಲ್ಲಿವೆ, ಓದಿ ಹೇಳುವವರು ಬೇಕು ಎಂದರು. ಗ್ರಾಮ ಕಚೇರಿಯಲ್ಲಿ ಸ್ವಾಧೀನ ಪತ್ರಕ್ಕೆ ನಾವು ಕನ್ನಡದಲ್ಲಿಯೇ ಅರ್ಜಿ ಕೊಟ್ಟೆವು. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯಂತೆ ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅರ್ಜಿ ಸ್ವೀಕರಿಸಿದರು, ಉತ್ತರ ಮಲಯಾಳದಲ್ಲಿ ಬಂತು. ಎಲ್ಲರ ಸಹಿ ಕೂಡಿಸಲು ಎರಡು ತಿಂಗಳು ಹಿಡಿಯಿತು. ಖರ್ಚು ಯಾರು ಎಷ್ಟು ಹಾಕಿದರೆಂದು ಒಂದು ನೋಟ್ ಪುಸ್ತಕದಲ್ಲಿ ಬರೆದು, ಮುಂದೆ ಪಾಲಾಗುವಾಗ ಇದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದೆಂದು ನಾಲ್ವರೂ ಒಪ್ಪಿದೆವು. ಈ ಒಂದು ಪುಟ ಹದಿನೈದು ವರ್ಷ ಹಿಂದೆ ಬರೆದಿದ್ದರೆ! ಅಣ್ಣತಮ್ಮಂದಿರ ನಡುವೆ ಲೆಕ್ಕ ಬರೆಯುವುದು ಸಣ್ಣತನವೆಂದು ಆಗ ನಾವು ತಿಳಿದಿದ್ದೆವು.

ಡಿಸೆಂಬರಿನಲ್ಲಿ ಹಂಚು ಇಳಿಸಿದೆವು. ಒಂದೊಂದನ್ನೂ ತೆಂಗಿನ ಸಿಪ್ಪೆಯಿಂದ ಉಜ್ಜಿ, ಪಾಚಿ ತೆಗೆದು, ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಮಕ್ಕಳ ಕೆಲಸವಾಯಿತು. ಗಣಿಲ್ ಎಂದರೆ ಒಳ್ಳೆಯದು, ಡಬ್ ಎಂದರೆ ಬಿರುಕು. ಅಜ್ಜ ತಂದ ಹಂಚುಗಳಲ್ಲಿ ಹತ್ತರಲ್ಲಿ ಎಂಟು ಗಣಿಲ್ ಎಂದವು. ಹಂಚು ಸೋರುವುದಿಲ್ಲ, ಅದನ್ನು ಹೊತ್ತ ರೀಪು ಬಗ್ಗಿದಾಗ ಹಂಚು ಜಾರಿ ಸಂದಿ ಬಿಡುತ್ತದೆ, ಅಲ್ಲಿ ನೀರಿಳಿಯುತ್ತದೆ ಎಂದು ಆಚಾರಿ ತೋರಿಸಿಕೊಟ್ಟರು. ಹೊಸ ಮರಕ್ಕೆ ಒರಲೆ ಹತ್ತದಂತೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಕೈಗೆ ತಾಗಿದವರಿಗೆ ವಾರಗಟ್ಟಲೆ ಹುಣ್ಣು, ಎಚ್ಚರಿಕೆ ಬೇಕು.

ಪಡುವಣ ಗೋಡೆಯದು ಬೇರೆಯೇ ಕಥೆ. ಅಪ್ಪ ಬಹಳ ಆಸೆಯಿಂದ ಅದಕ್ಕೆ ಸಿಮೆಂಟು ಗಾರೆ ಮಾಡಿಸಿದ್ದರು. ಕಲ್ಲು ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಒಳಬದಿಗೆ ಶೀತ ಬಂದು ಬಣ್ಣ ಎಂದೂ ನಿಲ್ಲುತ್ತಿರಲಿಲ್ಲ. ಅದನ್ನು ಕೆತ್ತಿ ತೆಗೆಸಿ ಸುಣ್ಣದ ಗಾರೆ ಹಾಕಿಸಿದೆವು. ಸುಣ್ಣದ ಗಾರೆ ಬಲ್ಲ ಕೆಲಸದವರನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಅಡುಗೆಮನೆಗೆ ಎರಡು ಗಾಜಿನ ಹಂಚು, ಒಂದು ದೊಡ್ಡ ಕಿಟಿಕಿ. ಉಗ್ರಾಣ ಅರ್ಧ ಮಾಡಿ ಅಮ್ಮನ ಬಚ್ಚಲು. ಹಳೆಯ ಹೊಸ್ತಿಲುಗಳ ಎತ್ತರ ತಗ್ಗಿಸಲು ಅಮ್ಮ ಬಿಡಲಿಲ್ಲ. ಎಡವಿದರೆ ನಾವೇ ಎತ್ತಬೇಕು ಎಂದರೆ, ಎಪ್ಪತ್ತು ವರ್ಷ ದಾಟಿದ ಹೊಸ್ತಿಲು ತನ್ನನ್ನು ಎಡವಿಸುವುದಿಲ್ಲ ಎಂದರು. ಬದಿಯಲ್ಲಿ ಹಿಡಿದುಕೊಳ್ಳಲು ಒಂದು ಮರದ ಹಿಡಿ ಮಾತ್ರ ಇಟ್ಟೆವು.

ಬೇಸಿಗೆ ರಜೆಯಲ್ಲಿ ಬೆಂಗಳೂರಿನ ತಮ್ಮನ ಮಕ್ಕಳಿಬ್ಬರು ಬಂದು ಒಂದು ತಿಂಗಳು ನಿಂತರು. ಹಿಂದೆಲ್ಲ ನಾಲ್ಕನೆಯ ದಿನ ಹೊರಡುವ ಅವಸರ. ದೊಡ್ಡವಳು ಹಂಚಿನ ಬೆನ್ನಿನ ಅಕ್ಷರ ಓದುತ್ತಾ, ಪೆಟ್ಟಿಗೆಯ ದಸ್ತಾವೇಜಿನಲ್ಲಿ ಶಾಯಿ ಹೋದ ಸಾಲುಗಳನ್ನು ಅಜ್ಜಿಯಿಂದ ಕೇಳಿ ಪೆನ್ಸಿಲಿನಲ್ಲಿ ಬೇರೆ ಕಾಗದದ ಮೇಲೆ ಬರೆಯುತ್ತಾ ಕುಳಿತಿದ್ದಳು. ಅವಳ ಕನ್ನಡ ಕಾಗುಣಿತದಲ್ಲಿ ತಪ್ಪುಗಳಿದ್ದವು, ತಿದ್ದಿದೆವು.

ಜೂನ್ ಮೊದಲ ಮಳೆಗೆ ಅಮ್ಮ ಅಭ್ಯಾಸಬಲದಿಂದ ಕೊಪ್ಪರಿಗೆ ತಂದು ಅಜ್ಜನ ಮಂಚದ ಬಳಿ ಇಟ್ಟರು. ಅದು ಒಣಗಿಯೇ ಇತ್ತು. ಬಡಗು ಮೂಲೆಯಲ್ಲಿ, ಎರಡು ಮಾಡು ಕೂಡುವಲ್ಲಿ ಮಾತ್ರ, ಒಂದು ಕಡೆ ಈಗಲೂ ತೊಟ್ಟಿಕ್ಕುತ್ತಿದೆ. ಆಚಾರಿ ಬಂದು ನೋಡಿ, ತಗಡು ಸರಿ ಕೂತಿಲ್ಲ, ತುಲಾ ಕಳೆಯಲಿ ಎಂದಿದ್ದಾರೆ. ನೋಟ್ ಪುಸ್ತಕದಲ್ಲಿ ತಾರೀಕು ಬರೆದಿಟ್ಟಿದ್ದೇವೆ.