ಬಾಲವಿಲ್ಲದ ಬೆಕ್ಕಿನ ಬೆಡಗು

ಬೆಕ್ಕಿನ ಮನಸ್ಸನ್ನು ಅದರ ಬಾಲ ನೋಡಿ ತಿಳಿಯಬಹುದು. ಅಕ್ಕರೆ ಬಂದರೆ ಬಾಲ ನೆಟ್ಟಗೆ ನಿಲ್ಲುತ್ತದೆ, ಹೆದರಿದರೆ ಉಬ್ಬಿಕೊಳ್ಳುತ್ತದೆ. ಆದರೆ ಆ ಬಾಲವೇ ಇಲ್ಲದ ಬೆಕ್ಕಿನ ತಳಿಯೊಂದುಂಟು. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಸಮುದ್ರದಲ್ಲಿರುವ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪ ಅದರ ತವರು. ದ್ವೀಪದಿಂದಲೇ ಅದಕ್ಕೆ ‘ಮ್ಯಾಂಕ್ಸ್’ ಎಂಬ ಹೆಸರು ಬಂದಿದೆ.

ಈ ಬೆಕ್ಕಿನ ಸುತ್ತ ಕಥೆಗಳು ಹಲವು. ನೋಹನ ನಾವೆಗೆ ತಡವಾಗಿ ಓಡಿಬಂದಾಗ ಬಾಗಿಲಿಗೆ ಸಿಕ್ಕಿ ಬಾಲ ತುಂಡಾಯಿತು ಎಂಬುದು ಒಂದು. ಬೆಕ್ಕಿಗೂ ಮೊಲಕ್ಕೂ ಹುಟ್ಟಿದ ಸಂತಾನ ಇದು ಎಂಬುದು ಇನ್ನೊಂದು. ಮ್ಯಾಂಕ್ಸ್‌ನ ಹಿಂಗಾಲುಗಳು ಮುಂಗಾಲುಗಳಿಗಿಂತ ಉದ್ದ. ಅದು ಓಡುವಾಗ ಮೊಲ ಕುಪ್ಪಳಿಸಿದಂತೆ ಕಾಣುವುದರಿಂದ ಈ ಕಥೆ ಹುಟ್ಟಿರಬೇಕು. ದ್ವೀಪದವರಿಗೆ ಈ ಬೆಕ್ಕು ಹೆಮ್ಮೆಯ ಗುರುತು. 1970ರಲ್ಲಿ ಅಲ್ಲಿ ಹೊರಡಿಸಿದ ಕ್ರೌನ್ ನಾಣ್ಯದ ಮೇಲೂ ಅದರ ಚಿತ್ರವಿತ್ತು.

ತಲೆ ದುಂಡು, ಮೈ ದುಂಡು, ಬೆನ್ನೂ ಕಮಾನು. ಸ್ವಭಾವ ಇನ್ನೂ ಆಕರ್ಷಕ. ಮ್ಯಾಂಕ್ಸ್ ಶಾಂತ ಪ್ರಾಣಿ. ಸಾಕಿದವರನ್ನು ಬಲು ಹಚ್ಚಿಕೊಳ್ಳುತ್ತದೆ. ನಾಯಿಯಂತೆ ಒಡೆಯನ ಹಿಂದೆ ಸುತ್ತುವುದೂ ಎಸೆದ ಆಟಿಕೆಯನ್ನು ಕಚ್ಚಿ ತರುವುದೂ ಉಂಟು. ಇಲಿ ಹಿಡಿಯುವುದರಲ್ಲಿ ಪಳಗಿದ ಕೈ. ಬಾಲವಿಲ್ಲವೆಂದು ಅದರ ನೆಗೆತಕ್ಕೇನೂ ಕೊರತೆಯಿಲ್ಲ.

ಹಾಗಾದರೆ ಬಾಲ ಹೋದದ್ದೆಲ್ಲಿ? ಬೆನ್ನುಮೂಳೆಯ ಬೆಳವಣಿಗೆಯನ್ನು ನಿಯಂತ್ರಿಸುವ ಜೀನ್ ಒಂದರಲ್ಲಿ ಆದ ಮಾರ್ಪಾಟು ಇದಕ್ಕೆ ಕಾರಣ. ಅದು ಯಾವ ಜೀನ್ ಎಂಬುದನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ತಂದೆ ತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು, ಬಾಲ ಮೊಟಕಾಗುತ್ತದೆ. ದ್ವೀಪದಲ್ಲಿ ಇದ್ದ ಬೆಕ್ಕುಗಳೇ ತಮ್ಮತಮ್ಮಲ್ಲಿ ಕೂಡಿ ಈ ಗುಣ ಹರಡಿತು. ಒಂದೇ ಸೂಲಿನಲ್ಲಿ ಬಾಲವೇ ಇಲ್ಲದ ‘ರಂಪಿ’, ಮೋಟುಬಾಲದ ‘ಸ್ಟಂಪಿ’, ಪೂರ್ತಿ ಬಾಲದ ಮರಿ ಎಲ್ಲವೂ ಹುಟ್ಟಬಹುದು.

ಆದರೆ ಅದೇ ಜೀನ್ ಇಬ್ಬರಿಂದಲೂ ಬಂದರೆ ಮರಿ ಗರ್ಭದಲ್ಲೇ ಸಾಯುತ್ತದೆ. ಬಾಲವಿಲ್ಲದ ಜೋಡಿಯನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಭ್ರೂಣಕ್ಕೆ ಈ ಗತಿ. ಬದುಕಿ ಹುಟ್ಟಿದವುಗಳಲ್ಲೂ ಕೆಲವಕ್ಕೆ ಬೆನ್ನುಮೂಳೆ ಅತಿ ಮೊಟಕಾಗಿ ಬೆನ್ನುಹುರಿಗೆ ಘಾಸಿಯಾಗಿರುತ್ತದೆ. ಅಂಥ ಮರಿಗಳಿಗೆ ಮಲಮೂತ್ರಗಳ ಮೇಲೆ ಹಿಡಿತವಿರುವುದಿಲ್ಲ, ಹಿಂಗಾಲುಗಳಲ್ಲಿ ಬಲವಿರುವುದಿಲ್ಲ. ಈ ತೊಂದರೆ ಸಾಮಾನ್ಯವಾಗಿ ಮೊದಲ ಕೆಲವು ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ತಿಳಿದ ತಳಿಗಾರರು ಬಾಲವಿಲ್ಲದ ಬೆಕ್ಕಿಗೆ ಬಾಲವುಳ್ಳ ಜೋಡಿಯನ್ನು ಹುಡುಕುತ್ತಾರೆ. ಮರಿಗಳನ್ನು ಕೆಲವು ತಿಂಗಳು ನೋಡಿಕೊಂಡ ಮೇಲೆಯೇ ಮಾರುತ್ತಾರೆ.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬುದು ಗಾದೆ. ಇಲ್ಲಿ ಚೆಲ್ಲಾಟ ಮನುಷ್ಯನದು, ಸಂಕಟ ಬೆಕ್ಕಿನದು. ಪ್ರದರ್ಶನಗಳಲ್ಲಿ ಬಹುಮಾನ ಸಾಮಾನ್ಯವಾಗಿ ಬಾಲವಿಲ್ಲದವಕ್ಕೇ. ಆದರೆ ಸಾಕಿದವರು ಮೆಚ್ಚುವ ಆ ಸೌಮ್ಯ ಗುಣ ಅದೇ ಸೂಲಿನ ಬಾಲವುಳ್ಳ ಮರಿಯಲ್ಲೂ ಇರುತ್ತದೆ. ಮ್ಯಾಂಕ್ಸ್ ಬೇಕೆನ್ನುವವರು ಮೊದಲು ಆ ಮರಿಯನ್ನು ಎತ್ತಿಕೊಂಡು ನೋಡುವುದು ಒಳ್ಳೆಯದು.